ಸೋಮವಾರವೇ ಹೇಳಿಟ್ಟ ಸೂತಕದೂಟ

"ಬಿಸಿ ಇದೆ, ಊದಿಕೊಂಡು ತಿನ್ನಿ. ಮೊದಲನೇ ಅಂಗಡೀಲೇ ನಾಲಿಗೆ ಸುಟ್ಕೊಂಡ್ರೆ ಆಮೇಲೆ ನನ್ನ ಬೈಕೋಬೇಡಿ."

ಪ್ರವಾಸಿಗಳು ನಕ್ಕರು. ಲಾನ್‌ಫಂಗ್ ಕೂಡ ನಕ್ಕಳು. ವರ್ಷಗಟ್ಟಲೆ ಇದೇ ಹೊಸ್ತಿಲಲ್ಲಿ ನಿಂತು ಇದೇ ಮಾತಾಡಿ ಅವಳ ಬಾಯಿಗೆ ರೂಢಿಯಾಗಿತ್ತು, ಅದರ ಕೆಲಸ ಅದು ಮಾಡುತ್ತಿತ್ತು. ಒಳಗೆ ಏನೂ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳ ಅಣ್ಣ ವಿಂಗ್‌ಹೋಯ್, ಸೀಟೋ ಮನೆತನದವರ ಸಂಘದ ಕಟ್ಟಡದ ಹಿಂದಿನ ಮೆಟ್ಟಿಲ ಕೆಳಗೆ ಕತ್ತು ಮುರಿದು ಸತ್ತು ಬಿದ್ದಿದ್ದ. ಅವತ್ತಿನಿಂದ ಅವಳಿಗೆ ಅಳುವೂ ಬಂದಿಲ್ಲ, ಉಪ್ಪು ಖಾರವೂ ತಿಳಿದಿಲ್ಲ.

ಕಾಲು ಜಾರಿದ್ದು ಅಂತ ಪೊಲೀಸರು ಬರೆದುಕೊಂಡು ಹೋದರು. ನಾಳೆ ಶನಿವಾರ ಬೆಳಿಗ್ಗೆ ದಹನ. ಶನಿವಾರ ಒಳ್ಳೆಯ ದಿನ, ಅದು ಬಿಟ್ಟರೆ ಮುಂದಿನ ತಿಂಗಳೇ ಅಂತ ಪಟ್ಟು ಹಿಡಿದವಳು ಅತ್ತಿಗೆ ಯುಕ್‌ಮುಯ್. ಒಬ್ಬಳೇ ಇರಲಾರೆ ಅಂತ ಅವಳು ಮಂಗಳವಾರದಿಂದ ಲಾನ್‌ಫಂಗ್‌ಳ ಮನೆಯಲ್ಲೇ ಇದ್ದಳು.

ದೇಹ ಒಂದು ಸಲ ಬೂದಿಯಾದರೆ ಮುಗಿಯಿತು, ಯಾವ ವೈದ್ಯನೂ ಏನನ್ನೂ ಹುಡುಕಲಾರ. ಮೂವತ್ತು ವರ್ಷ ಕತ್ತಲಲ್ಲಿ ಹತ್ತಿಳಿದ ಮೆಟ್ಟಿಲಲ್ಲಿ ಅಣ್ಣ ಜಾರಿ ಬಿದ್ದ ಎನ್ನುವುದನ್ನು ಅವಳು ನಂಬಲಿಲ್ಲ. ಪೊಲೀಸ್ ಪತ್ತೇದಾರ ಗ್ರೆವಾಲ್ ಒಳ್ಳೆಯ ಮನುಷ್ಯ. "ಶುಕ್ರವಾರ ಸಂಜೆ ಐದರೊಳಗೆ ಗಟ್ಟಿಯಾದದ್ದು ಒಂದು ಕೊಡಿ ಮೇಡಂ, ದಹನ ತಡೀತೀನಿ. ಅನುಮಾನ ಕೊಡಬೇಡಿ, ಅದು ನನ್ನ ಹತ್ರಾನೂ ಬೇಕಾದಷ್ಟಿದೆ" ಅಂದಿದ್ದ. ಅದಕ್ಕೇ ಅವಳು, ಪ್ರವಾಸಿಗಳನ್ನು ಅಂಗಡಿಯಿಂದ ಅಂಗಡಿಗೆ ಕರೆದೊಯ್ಯುವ ಇವತ್ತಿನ ತಿಂಡಿ ನಡಿಗೆಯನ್ನು ರದ್ದು ಮಾಡಿರಲಿಲ್ಲ. ಸುಮ್ಮನೆ ಹೋಗಿ ಕೇಳಿದರೆ ಈ ಚೀನೀಯರ ಪೆಂಡರ್ ಬೀದಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಪ್ರವಾಸಿಗಳ ಬಾಯಿಗೆ ತಿಂಡಿ ತುರುಕಿ ನಿಂತರೆ ಅಂಗಡಿಯವರ ಬಾಯಿ ಸಡಿಲವಾಗುತ್ತದೆ.

"ಚೀಟೀಲಿ ಎಂಟು ಅಂಗಡಿ ಅಂತ ಇದೆ," ಅಂದಳು ಡೋರಿಸ್. ಸಸ್ಕಟೂನ್‌ನಿಂದ ಬಂದ ನಿವೃತ್ತ ಶಿಕ್ಷಕಿ, ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಳು. "ಏಳಕ್ಕೆ ನಿಲ್ಲಿಸಿದ್ರೆ ನನ್ನ ಮಂಡಿ ನಿಮಗೆ ಕೈ ಮುಗೀತಿತ್ತು. ಏಳು ಅದೃಷ್ಟ ಬೇರೆ."

"ನಿಮಗೆ ಅದೃಷ್ಟ. ನಮ್ಮಲ್ಲಿ ಮದುವೆಗೆ ಎಂಟು ಬಗೆ, ಇಲ್ಲಾ ಒಂಬತ್ತು ಬಗೆ. ಏಳು ಬಗೆ ಬಡಿಸೋದು ಹೆಣ ಸಾಗಿಸಿ ಬಂದ ಮೇಲೆ. ಅದರಲ್ಲಿ ತೋಫು ಇರಲೇಬೇಕು."

ಪ್ರತಿ ಸಲ ಹೇಳುವ ಮಾತೇ ಅದು. ಹೇಳಿ ಮುಗಿಸಿದ ಮೇಲೆ ನಾಳಿನ ಊಟ ನೆನಪಾಯಿತು. ನೆನಪಾಗಿದ್ದಕ್ಕೂ ಅವಳಿಗೆ ಏನೂ ಅನ್ನಿಸಲಿಲ್ಲ.

ಹೋ ಅಕ್ಕ ಗಲ್ಲಾದ ಹಿಂದಿನಿಂದ ಕತ್ತು ಚಾಚಿದಳು. ತೋಫು ಅಂಗಡಿಯ ಯಜಮಾನಿ, ಮಾತು ಹೆಚ್ಚು, ಮನಸ್ಸು ಒಳ್ಳೆಯದು.

"ಒಳಗೆ ಕಾಲಿಡಬೇಡ ಕಣೇ. ತಪ್ಪು ತಿಳ್ಕೋಬೇಡ, ಸೂತಕ ಸೂತಕನೇ." ತಮ್ಮ ಊರ ಭಾಷೆಯಲ್ಲಿ ಹೇಳಿ, ಕೆಡುಕು ತಟ್ಟದಿರಲಿ ಅಂತ ಕೆಂಪು ಕಾಗದ ಸುತ್ತಿದ ಮಿಠಾಯಿಯೊಂದನ್ನು ಕೈಗೆ ಕೊಡದೆ ಗಲ್ಲಾದ ಅಂಚಿನಲ್ಲಿಟ್ಟಳು.

"ಗೊತ್ತಕ್ಕ. ಹೊಸ್ತಿಲು ದಾಟಲ್ಲ."

"ಹೊಟ್ಟೆಗೆ ಏನಾದ್ರೂ ಹಾಕ್ಕೊಂಡೆಯಾ?"

"ಹಾಕ್ಕೊಂಡೆ. ಏನು ಅಂತ ಜ್ಞಾಪಕ ಇಲ್ಲ."

"ಅಯ್ಯೋ, ಹಿಂಗಿದ್ರೆ ಹೆಂಗೇ?" ಹೋ ಅಕ್ಕ ಗದ್ದದಿಂದ ಮೂಲೆ ತೋರಿಸಿದಳು. "ಅಲ್ಲಿ ಎರಡು ಹಲಗೆ ತೋಫು ಇದೆಯಲ್ಲ, ಅದು ನಿಮ್ಮಣ್ಣನ ಊಟದ್ದು. ಒಳ್ಳೆ ಸೋಯಾ ಕಾಳು ಆರಿಸಿ ನೆನೆಹಾಕಿದ್ದೆ. ಯಿಪ್ ಹೋಟೆಲಿನ ಅಡುಗೆಮನೆಯಿಂದ ಫೋನ್ ಬಂತು ನೋಡು, ಶನಿವಾರ ಬೇರೆ ಯಾರಿಗೂ ಕೊಡಲ್ಲ ಅಂದ್ಬಿಟ್ಟೆ."

"ಮಂಗಳವಾರ ಎಷ್ಟೊತ್ತಿಗೆ ಬಂತು?" ಏನೋ ಕೇಳಬೇಕಲ್ಲ ಅಂತ ಕೇಳಿದಳು ಲಾನ್‌ಫಂಗ್.

"ಮಂಗಳವಾರ ಎಲ್ಲಿ ಬಂತು? ಮಂಗಳವಾರ ನಾನು ಬಾಗಿಲೇ ತೆಗೆಯಲ್ವಲ್ಲೇ. ಸೋಮವಾರ ಸಂಜೆ, ಶಟರ್ ಎಳೀತಿದ್ದೆ. ಸೀಟೋ ಸಂಘದ ಏಳು ಬಗೆ, ಶನಿವಾರ ಮಧ್ಯಾಹ್ನಕ್ಕೆ..."

ಹೋ ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಸೋಮವಾರ ರಾತ್ರಿ ಊಟವಾದ ಮೇಲೆ ವಿಂಗ್‌ಹೋಯ್ ಅವಳಿಗೆ ಫೋನ್ ಮಾಡಿ ಚಳಿಯನ್ನು ಬೈದಿದ್ದ. ಅಂದರೆ, ಬದುಕಿದ್ದವನ ಹೆಸರಿಗೆ ಸೂತಕದ ಊಟ ತಯಾರಾಗಿತ್ತು.

"ಸೀಟೋ ಪೈಕಿ ಬೇರೆ ಯಾರಿಗಾದ್ರೂ ಹುಷಾರಿರಲಿಲ್ವಾ?" ಹೋ ಅಕ್ಕ ಪಿಸುಗುಟ್ಟಿದಳು.

"ಯಾರಿಗೂ ಏನೂ ಆಗಿರಲಿಲ್ಲ."

"ಹಂಗಾದ್ರೆ ನನ್ನ ಹೆಸರು ಎಲ್ಲೂ ಎತ್ತಬೇಡಮ್ಮ. ನಾನು ತೋಫು ಮಾಡೋಳು, ನನಗ್ಯಾಕೆ ಊರ ಉಸಾಬರಿ."

ಬೀದಿಗಿಳಿದ ಮೇಲೆ ಲಾನ್‌ಫಂಗ್ ಲೆಕ್ಕ ಹಾಕಿದಳು. ಅಧ್ಯಕ್ಷನ ಮಾತಿಲ್ಲದೆ ಸಂಘದ ಹೆಸರಲ್ಲಿ ಒಂದು ಮೊಟ್ಟೆಯೂ ಬೇಯುವುದಿಲ್ಲ. ಅಧ್ಯಕ್ಷ ಸೀಟೋ ಬಾಕ್‌ಲುಂ. ಬೀದಿಗೆಲ್ಲ ಅವನು ಲುಂ ಚಿಕ್ಕಪ್ಪ. ಸಂಘದ ಹಳೇ ಕಟ್ಟಡವನ್ನು ಮಾರಿಬಿಡಬೇಕು ಎಂದು ಎರಡು ವರ್ಷದಿಂದ ತುದಿಗಾಲಲ್ಲಿ ನಿಂತವನು. ಮಾರಬೇಕಾದರೆ ತೀರಿಕೊಂಡ ಅಪ್ಪನ ಪರವಾಗಿ ವಿಂಗ್‌ಹೋಯ್‌ನ ಸಹಿಯೂ ಬೇಕು, ಲಾನ್‌ಫಂಗ್‌ಳ ಸಹಿಯೂ ಬೇಕು. ಇಬ್ಬರೂ ಹಾಕಿರಲಿಲ್ಲ.

ಸಿಟ್ಟು ಬರಬೇಕಿತ್ತು. ಜೋಮು ಹಿಡಿದ ಕಾಲನ್ನು ಗಿಲ್ಲಿದರೆ ಬೇರೆಯವರ ಕಾಲು ಗಿಲ್ಲಿದ ಹಾಗಾಗುತ್ತದಲ್ಲ, ಹಾಗಿತ್ತು ಅವಳಿಗೆ. "ಎಡಗಡೆ ಬನ್ನಿ, ಸೈಕಲ್ ನೋಡ್ಕೊಳ್ಳಿ" ಅನ್ನುತ್ತಾ ಜನರನ್ನು ದಾಟಿಸಿದಳು.

ಲೌ ಕಿಟ್‌ನ ಅಂಗಡಿಯ ಗಾಜಿನ ಹಿಂದೆ ಸುಟ್ಟ ಬಾತುಕೋಳಿಗಳು ಸಾಲಾಗಿ ತೂಗುತ್ತಿದ್ದವು. ಲೌ ಕಿಟ್ ಕತ್ತಿ ಎತ್ತಿ ಪ್ರವಾಸಿಗಳಿಗೆ ಸಲಾಮು ಹೊಡೆದ. ಅವರು ಚಪ್ಪಾಳೆ ತಟ್ಟಿದರು.

"ಪಾಪದವರನ್ನ ಹೆದರಿಸಬೇಡಪ್ಪ," ಅಂದಳು ಲಾನ್‌ಫಂಗ್ ಊರ ಭಾಷೆಯಲ್ಲಿ. "ಲುಂ ಚಿಕ್ಕಪ್ಪ ಬಂದಿದ್ರಾ ಈ ವಾರ?"

"ದಿನಾ ಬರ್ತಾರೆ. ಬುಧವಾರ ಬಂದಾಗ ಪೆಟ್ಟಿಗೆ ಹಚ್ಚೋ ಎಣ್ಣೆ ಗಮ್ ಅಂತಿತ್ತು ಲಾನಕ್ಕ. ಚಿಕ್ಕಪ್ಪ, ಆಚೆ ನಿಂತ್ಕೊಳ್ಳಿ, ನನ್ನ ಬಾತುಕೋಳಿಗೂ ವಾಸನೆ ಹತ್ತುತ್ತೆ ಅಂದೆ. ಬಲಗೈ ಕೋಟಿನೊಳಗೆ, ಪೊಟ್ಟಣ ಎಡಗೈಲಿ. ಏನಾಯ್ತು ಅಂದ್ರೆ ಬಚ್ಚಲಲ್ಲಿ ಜಾರಿದೆ ಅಂದ್ರು."

"ಈ ವಾರ ಎಲ್ಲರೂ ಜಾರ್ತಾ ಇದಾರೆ."

ಲೌ ಕಿಟ್ ನಗಬೇಕೋ ಬೇಡವೋ ತಿಳಿಯದೆ ಬಾತಿನ ಕಾಲು ಕಡಿದ. ಅವಳು ಪಕ್ಕಕ್ಕೆ ಸರಿದು ಗ್ರೆವಾಲ್‌ಗೆ ಫೋನ್ ಹಚ್ಚಿದಳು. ಎಲ್ಲ ಕೇಳಿಸಿಕೊಂಡು ಅವನು ನಿಟ್ಟುಸಿರುಬಿಟ್ಟ.

"ಮೇಡಂ, ತೋಫು ಹಿಡ್ಕೊಂಡು ಮೇಲಿನವರ ಹತ್ರ ಹೋದ್ರೆ ನನ್ನ ಮನೆಗೆ ಕಳಿಸ್ತಾರೆ. ಊಟ ಹೇಳಿದ್ದು ಯಾರು? ಅವರ ಬಾಯಿಂದ ಬರಲಿ. ನಾನೇ ಫೋನ್ ಮಾಡ್ತೀನಿ."

ಬನ್ನಿನ ಅಂಗಡಿ ಮುಗಿಯಿತು. ನಾರುಬೇರಿನ ಔಷಧಿ ಅಂಗಡಿ, ಚಹಾದ ಅಂಗಡಿ ಎಲ್ಲ ಮುಗಿದವು. ಪ್ರತಿ ಕಡೆಯೂ ಅವಳು ಒಂದು ತುತ್ತು ಬಾಯಿಗಿಟ್ಟು "ಆಹಾ" ಅಂದಳು. ಬಾಯಲ್ಲಿದ್ದದ್ದು ಸೀಗಡಿಯೋ ಹತ್ತಿಯೋ ಅವಳಿಗೇ ಗೊತ್ತಿರಲಿಲ್ಲ.

ಕೊನೆಯದು ಯಿಪ್‌ನ ಹೋಟೆಲು, ಮೊದಲ ಮಹಡಿ. ಯಿಪ್ ಮಾಲೀಕನೂ ಹೌದು, ಅಡುಗೆ ಭಟ್ಟನೂ ಹೌದು. ಲಾನ್‌ಫಂಗ್ ಬಾಗಿಲಲ್ಲೇ ತಡೆದಳು. ಯಿಪ್ ಅಡುಗೆಮನೆಯಿಂದ ನೋಡಿ, "ಬಾ ಬಾ, ನನ್ನ ಹೋಟೆಲಿಗೆ ಎಂಥ ಸೂತಕ, ನಾಳೆ ಹೇಗೂ ಬರಬೇಕಲ್ಲ" ಅಂದ. ಅಂದವನು ಅವಳ ಮುಖ ನೋಡದೆ ಒಳಗೆ ಹೋದ.

ಪ್ರವಾಸಿಗಳನ್ನು ದುಂಡು ಮೇಜಿಗೆ ಕೂರಿಸಿ, ಹಬೆಯಲ್ಲಿ ಬೇಯಿಸಿದ ಮೀನು ತರಿಸಿ, ಅವಳು ಕಿಟಕಿ ಪಕ್ಕದ ಮೇಜಿಗೆ ನಡೆದಳು. ಲುಂ ಚಿಕ್ಕಪ್ಪ ದಿನವೂ ಈ ಹೊತ್ತಿಗೆ ಅಲ್ಲಿರುತ್ತಾನೆ. ಬಿಳಿ ಕೂದಲು, ಇಸ್ತ್ರಿ ಹಾಕಿದ ಅಂಗಿ, ಬಲಗೈ ಮಾತ್ರ ಕೋಟಿನ ಒಳಗೆ.

"ಕೂತ್ಕೋ ಮಗಳೇ. ಬಡಕಲಾಗಿದೀಯ." ಎಡಗೈಯಿಂದ ಅವಳಿಗೆ ಚಹಾ ಸುರಿದ.

ಅವಳ ಎರಡು ಬೆರಳು ತಾವಾಗಿಯೇ ಮೇಜು ತಟ್ಟಿದವು. ಹಗೆಯವನು ಚಹಾ ಸುರಿದರೂ ಬೆರಳು ತಟ್ಟಿ ಉಪಕಾರ ಹೇಳಬೇಕು, ಅಪ್ಪ ಕಲಿಸಿದ್ದು.

"ಚಿಕ್ಕಪ್ಪ, ನನ್ನಣ್ಣ ಸಾಯೋ ಮುಂಚೇನೇ ಅವನ ಏಳು ಬಗೆ ಹೇಳಿದ್ರಲ್ಲ. ಅಷ್ಟು ಅವಸರ ಏನಿತ್ತು?"

ಮುದುಕ ಚಹಾ ಪಾತ್ರೆಯನ್ನು ನಿಧಾನ ಕೆಳಗಿಟ್ಟ. "ಏನು ಹೇಳ್ತಿದೀಯ?"

"ಸೋಮವಾರ ಸಂಜೆ ತೋಫು ಹೇಳಿದಾರೆ. ಮಂಗಳವಾರ ಹೆಣ ಸಿಕ್ಕಿದೆ. ಸಂಘದ ಹೆಸರಲ್ಲಿ ಊಟ ಹೇಳೋರು ನೀವು. ಆ ಕೈ ತೋರಿಸಿ."

"ಮೆತ್ತಗೆ ಮಾತಾಡು."

"ಮೆತ್ತಗೇ ಆಡ್ತಿದೀನಿ. ಕೂಗೋಕೆ ಶಕ್ತಿ ಇಲ್ಲ ನನಗೆ. ಬಚ್ಚಲಲ್ಲಿ ಜಾರಿದ್ರಾ, ನನ್ನಣ್ಣನ್ನ ತಳ್ಳೋವಾಗ ಉಳುಕಿತಾ?"

ಡೋರಿಸ್ ಮೊಬೈಲ್ ಹಿಡಿದು ಅಲ್ಲಿಗೇ ಬಂದಳು. "ನೀವು ಮಾತಾಡೋದೇ ಹಾಡಿದ ಹಾಗಿದೆ! ನಿಮ್ಮ ಚಿಕ್ಕಪ್ಪನಾ? ಒಂದು ಫೋಟೋ ತೆಗೀಲಾ?"

"ತೆಗೀರಿ," ಅಂದಳು ಲಾನ್‌ಫಂಗ್. ಚಿಕ್ಕಪ್ಪನೂ ಅವಳೂ ತಲೆ ಹತ್ತಿರ ತಂದು ನಕ್ಕರು. ಡೋರಿಸ್ ಎರಡು ತೆಗೆದು, ಚೆನ್ನಾಗಿ ಬಂದಿದೆ ಅಂತ ತೋರಿಸಿ ಮೀನಿನ ಕಡೆ ಹೋದಳು.

"ನಾನು ಊಟ ಹೇಳಲಿಲ್ಲ," ಅಂದ ಚಿಕ್ಕಪ್ಪ, ನಗು ಇನ್ನೂ ಮುಖದ ಮೇಲಿರುವಾಗಲೇ. "ಶನಿವಾರ ಜಾಗ ಇದೆಯಾ ಅಂತ ಮಂಗಳವಾರ ಕೇಳೋಕೆ ಬಂದ್ರೆ, ಆಗಲೇ ಸಂಘದ ಹೆಸರಲ್ಲಿ ಇಟ್ಟಿದೀನಿ ಅಂದ ಯಿಪ್. ನನಗೂ ಎದೆ ಧಸಕ್ ಅಂತು. ಅವನನ್ನೇ ಕರಿ."

ಯಿಪ್ ತಾನಾಗಿಯೇ ಬಂದ. ಕರವಸ್ತ್ರದಲ್ಲಿ ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಊಟ ಹೇಳಿದ್ದು ಯಾರಣ್ಣ?" ಅಂತ ಕೇಳಿದಳು ಲಾನ್‌ಫಂಗ್.

"ನಿಮ್ಮಣ್ಣನೇ ಕಣಮ್ಮ. ವಿಂಗ್‌ಹೋಯ್. ಸೋಮವಾರ ಮಧ್ಯಾಹ್ನ ಬಂದಿದ್ದ. ಶನಿವಾರಕ್ಕೆ ಇಡು, ಅದೇ ಒಳ್ಳೆ ದಿನ ಅಂದ."

ಅವಳು ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನನಗೇನೂ ಅನುಮಾನ ಬರಲಿಲ್ಲ," ಅಂದ ಯಿಪ್. "ಇಷ್ಟು ವರ್ಷ ಅವನೇ ತಾನೇ ಬರ್ತಿದ್ದದ್ದು? ಸಂಘದವರು ಯಾರಾದ್ರೂ ಇವತ್ತೋ ನಾಳೆಯೋ ಅನ್ನೋ ಹಾಗಿದ್ರೆ ಮೊದಲೇ ಬಂದು ಕಿವೀಲಿ ಹೇಳೋನು, ಆಮೇಲೆ ಜಾಗ ಸಿಗಲ್ಲ ಅಂತ. ಅಧ್ಯಕ್ಷರ ಮಾತು ಆಮೇಲೆ ಬರತ್ತೆ ಅನ್ನೋನು. ನಾನು ಹೆಸರು ಕೇಳಲ್ಲ. ಬದುಕಿರೋರ ಹೆಸರು ಆ ಊಟದ ಜೊತೆ ಬಾಯಲ್ಲಿ ಬರಬಾರದು."

"ಹೆಸರು ನಾನು ಹೇಳ್ತೀನಿ," ಅಂದ ಲುಂ ಚಿಕ್ಕಪ್ಪ. ಕೋಟು ಸರಿಸಿ ಅಂಗಿಯ ಕಾಲರು ಬಿಚ್ಚಿದ. ಮೊಣಕೈ ತನಕ ಪಟ್ಟಿ ಸುತ್ತಿತ್ತು. ಕತ್ತಿನ ಎರಡೂ ಕಡೆ ಬೆರಳಿನ ಗುರುತು ನೇರಳೆಗಟ್ಟಿತ್ತು. "ನನ್ನದು. ನನ್ನ ಸೂತಕದ ಊಟ ಹೇಳಿಟ್ಟು, ರಾತ್ರಿ ನನ್ನನ್ನ ಮೆಟ್ಟಿಲ ಹತ್ತಿರ ಕರೆಸಿ, ನಿನ್ನಣ್ಣ ನನ್ನ ಕತ್ತಿಗೆ ಕೈ ಹಾಕಿದ."

"ಸುಳ್ಳು."

"ಕಂಬಿ ಹಿಡ್ಕೊಂಡೆ, ಉಳ್ಕೊಂಡೆ. ಅವನ ಕಾಲು ತಪ್ಪಿತು. ಹಿಡಿಯೋಕೆ ಹೋದೆ, ತೋಳು ತಿರುಚಿತು, ಅವನು ಹೋದ. ಇಳಿದು ನೋಡಿದೆ. ಉಸಿರಿರಲಿಲ್ಲ. ಹೆದರಿ ಮನೆಗೆ ಹೋದೆ, ಹೌದು, ಹೇಡಿ ನಾನು. ಆದ್ರೆ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದು ಅವನ ಮಾನಕ್ಕೋಸ್ಕರ. ಸೀಟೋ ವಿಂಗ್‌ಹೋಯ್ ಕೊಲೆಗಾರ ಅಂತ ಬೀದಿಯವರು ಅನ್ನೋದು ಬೇಡ ಅಂತ."

ಲಾನ್‌ಫಂಗ್ ಯಿಪ್‌ನ ಕಡೆ ತಿರುಗಿದಳು. ಇಲಿ ಕಂಡರೆ ಬಾಗಿಲು ತೆರೆದು ಆಚೆ ಬಿಡುತ್ತಿದ್ದ ಅಣ್ಣ. ಯಾರದೋ ಕತ್ತು ಹಿಸುಕಲು ಹೋಗುವ ಮುಂಚೆ, ಆ ಮನುಷ್ಯನಿಗೆ ಏಳು ಬಗೆ ತಪ್ಪಬಾರದು ಅಂತ ಹೋಟೆಲಿಗೆ ಬಂದು ಹೇಳಿ ಹೋಗಿದ್ದ. ಅಂಥ ಕೆಲಸ ಮಾಡುವವನು ಈ ಭೂಮಿಯ ಮೇಲೆ ಅವನೊಬ್ಬನೇ. ಅವಳಿಗೆ ಅದು ನಿಜ ಅನ್ನಿಸಿಬಿಟ್ಟಿತು.

"ಇನ್ನೂ ಇದೆ," ಅಂದ ಯಿಪ್. "ಮಂಗಳವಾರದಿಂದ ನನಗೆ ನಿದ್ದೆ ಇಲ್ಲ. ಈ ಊಟ ಇಬ್ಬರಲ್ಲಿ ಒಬ್ಬರದ್ದು ಆಗತ್ತೆ ಅಂದ ಅವನು. ಯಾರದ್ದು ಅಂತ ಮಂಗಳವಾರ ಗೊತ್ತಾಗತ್ತೆ, ಮೊದಲನೆಯವರಾದ್ರೆ ಮಾಮೂಲಿ ಮಾಡು, ಎರಡನೆಯವರಾದ್ರೆ ಯಾವುದಕ್ಕೂ ಕೊತ್ತಂಬರಿ ಹಾಕಬೇಡ, ಅವರಿಗೆ ಅದು ಆಗಲ್ಲ ಅಂದ."

ಲುಂ ಚಿಕ್ಕಪ್ಪನ ಕೈ ಕಾಲರಿನ ಮೇಲೆಯೇ ನಿಂತಿತು. ಅವನಿಗೂ ಇದು ಹೊಸತು ಅನ್ನುವುದು ಮುಖ ನೋಡಿದರೇ ತಿಳಿಯುತ್ತಿತ್ತು.

"ನೀನು ಕೊತ್ತಂಬರಿ ಕಂಡ್ರೆ ಮೇಜು ಬಿಟ್ಟು ಏಳ್ತೀಯ ಅಂತ ಈ ಬೀದಿಗೆಲ್ಲ ಗೊತ್ತು ಲಾನ್‌ಫಂಗ್," ಅಂದ ಯಿಪ್. "ಚಿಕ್ಕಂದಿನಿಂದ."

ಚಿಕ್ಕಪ್ಪನದ್ದು, ಇಲ್ಲವಾದರೆ ಅವಳದ್ದು. ಅಣ್ಣ ಹೋಗಿದ್ದು ಕಟ್ಟಡ ಉಳಿಸಲು ಅಲ್ಲ, ಅವಳನ್ನು ಉಳಿಸಲು. ಎದೆಯೊಳಗೆ ಏನೋ ಹರಿದ ಹಾಗೆ ನೋವು ಬಂತು. ನಾಲ್ಕು ದಿನದಿಂದ ಎಲ್ಲಿತ್ತೋ ಅದು, ಒಮ್ಮೆಲೇ ಬಂತು. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದುಂಡು ಮೇಜಿನಲ್ಲಿ ಯಾರೋ ಮೀನಿನ ಮುಳ್ಳಿನ ಬಗ್ಗೆ ನಗುತ್ತಿದ್ದರು.

ಫೋನ್ ಬಡಿದುಕೊಂಡಿತು. ಗ್ರೆವಾಲ್.

"ಮೇಡಂ, ನನ್ನ ಹತ್ರ ಇನ್ನು ಹೊತ್ತಿಲ್ಲ. ಗಟ್ಟಿಯಾದದ್ದು ಏನಾದ್ರೂ ಸಿಕ್ತಾ?"

"ಯೋಚನೆ ಮಾಡಿ ಮಾತಾಡು ಮಗಳೇ," ಅಂದ ಚಿಕ್ಕಪ್ಪ ಮೆಲ್ಲಗೆ. "ಸುಮ್ಮನಿದ್ರೆ ನಾಳೆ ಅವನು ಒಳ್ಳೆಯವನಾಗೇ ಹೋಗ್ತಾನೆ. ಊರೆಲ್ಲ ಬಂದು ಕೈ ಮುಗಿಯತ್ತೆ. ಬಾಯಿ ಬಿಟ್ಟೆಯೋ, ಕೊಲೆಗಾರನ ಹೆಣ."

ಅವಳು ಎದುರು ಕೂತ ಚಿಕ್ಕಪ್ಪನಿಗೂ ಅರ್ಥವಾಗಲಿ ಅಂತಲೇ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಫೋನಿಗೆ ಹೇಳಿದಳು.

"ಸಿಕ್ತು. ನಾಳೆಯದು ತಡೀರಿ. ಊಟ ಹೇಳಿದ್ದು ನನ್ನಣ್ಣನೇ. ಅವನು ಒಬ್ಬರನ್ನ ಕೊಲ್ಲೋಕೆ ಹೋಗಿದ್ದ."

ಗ್ರೆವಾಲ್ ಕೂಡಲೇ ಕೇಳಿದ. "ಯಾಕೆ?"

"ಇಲ್ಲಾಂದ್ರೆ ನಾನು ಸಾಯ್ತೀನಿ ಅಂತ ಅವನಿಗೆ ಯಾರೋ ನಂಬಿಸಿದ್ರು. ನೀವು ಬರಬೇಕು. ಕತ್ತಿನ ಮೇಲೆ ಗುರುತಿರೋ ಮನುಷ್ಯ ನನ್ನ ಎದುರೇ ಕೂತಿದಾನೆ."

"ಅಲ್ಲೇ ಇರಿ. ದಹನ ನಿಲ್ಲಿಸ್ತೀನಿ, ಬರ್ತಾ ಇದೀನಿ."

ಫೋನ್ ಮೇಜಿನ ಮೇಲಿಟ್ಟಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಚಿಕ್ಕಪ್ಪ ಕೂಗಾಡುತ್ತಾನೆ, ಎದ್ದು ಹೋಗುತ್ತಾನೆ ಅಂದುಕೊಂಡಿದ್ದಳು. ಅವನು ಕೂತಲ್ಲೇ ಕೂತಿದ್ದ. ಹೆದರಿದ್ದ, ಆದರೆ ಅವಳಿಗೆ ಹೆದರಿದ ಹಾಗಿರಲಿಲ್ಲ.

"ನಿನ್ನ ಕೂದಲು ಕೊಂಕಿಸೋ ಯೋಚನೇನೂ ನನಗಿರಲಿಲ್ಲ ಮಗಳೇ. ಕಟ್ಟಡಕ್ಕೆ ಜಗಳ ಆಡ್ತೀನಿ, ಕೋರ್ಟಿಗೆ ಹೋಗ್ತೀನಿ, ಅಷ್ಟೇ. ನಿನ್ನಣ್ಣ ನಂಬಲಿಲ್ಲ. ಕತ್ತು ಹಿಸುಕುವಾಗ ಒಂದೇ ಮಾತು ಹೇಳ್ತಿದ್ದ."

"ಏನಂತ?"

"ನೀನು ಏನು ಮಾಡೋಕೆ ಹೊರಟಿದೀಯ ಅಂತ ನಮ್ಮನೆ ಹೆಂಗಸೇ ನನಗೆಲ್ಲ ಹೇಳಿದ್ಲು, ಅಂತ." ಚಿಕ್ಕಪ್ಪ ಅವಳ ಒದ್ದೆ ಮುಖವನ್ನೇ ನೋಡಿದ. "ಇಷ್ಟು ದಿನ ಅದು ನೀನೇ ಅಂದ್ಕೊಂಡಿದ್ದೆ."

ಅವಳಲ್ಲ. ವಿಂಗ್‌ಹೋಯ್ ನಮ್ಮನೆ ಹೆಂಗಸು ಅನ್ನಬಹುದಾದವರು ಇಬ್ಬರೇ ಇಬ್ಬರು. ಇನ್ನೊಬ್ಬಳು, ದಹನ ಶನಿವಾರವೇ ಆಗಬೇಕು ಅಂತ ಪಟ್ಟು ಹಿಡಿದ ಯುಕ್‌ಮುಯ್, ಈಗ ಲಾನ್‌ಫಂಗ್‌ಳ ಮನೆಯ ಒಲೆಯ ಮುಂದೆ ನಿಂತು, ನಾದಿನಿ ಬರುವ ಹೊತ್ತಾಯಿತು ಅಂತ ಸೂಪ್ ಬಿಸಿಗಿಡುತ್ತಿದ್ದಳು.